ಸೇಲಂ ಸೀಮೆಯ ಕಲ್ಲು, ಚಂದ್ರನ ಮಣ್ಣು

ಮೇಚೇರಿ ಎಂದರೆ ಜನ ಮೊದಲು ಹೇಳುವುದು ಅಲ್ಲಿನ ಕಂದು ಮೈಬಣ್ಣದ ಕುರಿ, ಪಕ್ಕದ ಮೆಟ್ಟೂರು ಅಣೆಕಟ್ಟು. ಊರಿನಿಂದ ದಕ್ಷಿಣಕ್ಕೆ ಸೇಲಂ ಸೀಮೆ ದಾಟಿದರೆ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿ ಸಿಗುತ್ತದೆ. ಭಾರತದ ಚಂದ್ರಯಾನಗಳ ಕಥೆಯಲ್ಲಿ ಈ ಹಳ್ಳಿಯ ಕಲ್ಲಿಗೆ ದೊಡ್ಡ ಪಾತ್ರವಿದೆ. ಆದರೂ ರಾಕೆಟ್ ಹಾರಿದ ದಿನ ಅದರ ಸುದ್ದಿ ಎತ್ತಿದವರು ಕಡಿಮೆ.

ಆ ಕಲ್ಲಿನ ಹೆಸರು ಅನಾರ್ಥೊಸೈಟ್. ಕ್ಯಾಲ್ಸಿಯಂ ತುಂಬಿದ ಫೆಲ್ಡ್‌ಸ್ಪಾರ್ ಖನಿಜದಿಂದಾದ ಇದಕ್ಕೆ ಸುಮಾರು 250 ಕೋಟಿ ವರ್ಷ ವಯಸ್ಸು. 1956ರಲ್ಲಿ, ಸಿತ್ತಂಪೂಂಡಿ ಇನ್ನೂ ಸೇಲಂ ಜಿಲ್ಲೆಯಲ್ಲೇ ಇದ್ದಾಗ, ಭೂವಿಜ್ಞಾನಿ ಎ.ಪಿ. ಸುಬ್ರಮಣ್ಯಂ ಇಲ್ಲಿನ ಶಿಲೆಗಳ ಬಗ್ಗೆ ವಿವರವಾದ ಅಧ್ಯಯನ ಪ್ರಕಟಿಸಿದರು. ಚಂದ್ರನಿಂದ ಕಲ್ಲು ಬರಲು ಇನ್ನೂ 13 ವರ್ಷ ಬಾಕಿಯಿತ್ತು. 1969ರಲ್ಲಿ ಅಪೊಲೊ ಯಾತ್ರಿಗಳು ತಂದ ಮಣ್ಣಿನಲ್ಲಿ ಅನಾರ್ಥೊಸೈಟಿನ ಚೂರುಗಳು ಸಿಕ್ಕವು. ಒಂದು ಕಾಲಕ್ಕೆ ಚಂದ್ರ ಕರಗಿದ ಶಿಲಾಸಾಗರವಾಗಿದ್ದ, ಹಗುರ ಖನಿಜ ಮೇಲೆ ತೇಲಿ ಹೊರಪದರವಾಯಿತು ಎಂಬ ಸಿದ್ಧಾಂತ ಹುಟ್ಟಿದ್ದು ಹಾಗೆ.

ಇತ್ತ ಬೆಂಗಳೂರಿನಲ್ಲಿ ಬೇರೊಂದು ಕೆಲಸ ನಡೆದಿತ್ತು. ಉಡುಪಿಯ ಅದಮಾರಿನ ಯು.ಆರ್. ರಾವ್ ವಿಶ್ವಕಿರಣಗಳ ಸಂಶೋಧಕರು. ಅಮೆರಿಕದಲ್ಲಿದ್ದಾಗ ಮ್ಯಾರಿನರ್-2 ನೌಕೆಯ ಮಾಹಿತಿಯಿಂದ ಸೌರಮಾರುತವನ್ನು ಅಧ್ಯಯನ ಮಾಡಿದವರು. ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿಸಿ 1975ರಲ್ಲಿ ಹಾರಿಸಿದರು. 1984ರಿಂದ 1994ರವರೆಗೆ ಇಸ್ರೊ ಅಧ್ಯಕ್ಷರಾಗಿದ್ದರು. ನಿವೃತ್ತಿಯ ನಂತರವೂ ಸಲಹಾ ಸಮಿತಿಗಳಲ್ಲಿ ಕೂತು, ಮುಂದೆ ಯಾವ ನೌಕೆ ಯಾವ ಪ್ರಶ್ನೆ ಹಿಡಿದು ಹೋಗಬೇಕು ಎಂದು ವಾದಿಸುತ್ತಲೇ ಇದ್ದರು. ವಿಜ್ಞಾನಿಯೊಬ್ಬ ಸರ್ಕಾರಕ್ಕೆ ಸಲಹೆಗಾರನಾಗುವುದೆಂದರೆ ಇದೇ.

ಚಂದ್ರಯಾನದ ತೀರ್ಮಾನವೂ ಏಕಾಏಕಿ ಆದದ್ದಲ್ಲ. 1999ರಿಂದ ವಿಜ್ಞಾನ ಅಕಾಡೆಮಿಯಲ್ಲಿ, ಕಾರ್ಯಪಡೆಯಲ್ಲಿ, ಸುಮಾರು ನೂರು ತಜ್ಞರ ಸಭೆಯಲ್ಲಿ ಚರ್ಚೆಯಾಗಿ, 2003ರ ಆಗಸ್ಟ್ 15ರಂದು ಘೋಷಣೆ ಹೊರಬಿತ್ತು. 2008ರಲ್ಲಿ ಹೋದ ಚಂದ್ರಯಾನ-1 ಚಂದ್ರನ ಮೇಲೆ ನೀರಿನ ಕುರುಹು ತೋರಿಸಿತು.

ಇಳಿಯುವ ಮಾತು ಬಂದಾಗಲೇ ಮಣ್ಣಿನ ಸಮಸ್ಯೆ ಎದ್ದಿತು. ರೋವರಿನ ಚಕ್ರ ಓಡಿಸಿ ನೋಡಲು ಚಂದ್ರನಂಥದೇ ಪುಡಿ ಬೇಕು. ಅಮೆರಿಕದ ಹೆಸರಾಂತ ಕೃತಕ ಮಣ್ಣು ಜ್ವಾಲಾಮುಖಿ ಬೂದಿಯದು, ಚಂದ್ರನ ಕಪ್ಪು ಬಯಲಿಗೆ ಹೊಂದುವಂಥದು. ದಕ್ಷಿಣ ಧ್ರುವದ ಕಡೆ ಇರುವುದು ಅನಾರ್ಥೊಸೈಟಿನ ಎತ್ತರದ ನೆಲ. ಆಗ ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ಎಸ್. ಅನ್ಬಳಗನ್ ಮತ್ತು ಸಂಗಡಿಗರು ಇಸ್ರೊಗೆ ಸಿತ್ತಂಪೂಂಡಿ, ಕುನ್ನಮಲೈ ಹಳ್ಳಿಗಳ ಕಲ್ಲುಗಳತ್ತ ಕೈತೋರಿದರು. ಬಂಡೆ ಒಡೆದು, ಜಲ್ಲಿ ಮಾಡಿ, ನುಣ್ಣಗೆ ಅರೆದು, ಕಣಗಳ ಗಾತ್ರ ಅಳೆದು ಬೆರೆಸಿದ ಸುಮಾರು 50 ಟನ್ ಪುಡಿ ಬೆಂಗಳೂರಿಗೆ ಬಂತು. ಅದನ್ನು ಒಳಾಂಗಣದಲ್ಲಿ ಹರಡಿ, ಚಂದ್ರನ ಮೇಲಿನ ಬೆಳಕನ್ನು ಹೋಲುವ ದೀಪ ಹಚ್ಚಿ, ತೂಕ ಆರನೇ ಒಂದಕ್ಕೆ ಇಳಿದಂತೆ ಮಾಡಿ ರೋವರ್ ಓಡಿಸಿದರು. ಇತ್ತ ಚಿತ್ರದುರ್ಗದ ಚಳ್ಳಕೆರೆಯಲ್ಲಿ ಕುಳಿ ತೋಡಿ, ವಿಮಾನ ಹಾರಿಸಿ ಲ್ಯಾಂಡರಿನ ಸಂವೇದಕಗಳನ್ನು ಪರೀಕ್ಷಿಸಿದರು.

2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಮೆಲ್ಲಗೆ ಇಳಿಯಿತು. ಮೇಲ್ಮೈಯಲ್ಲಿ 50 ಡಿಗ್ರಿಯಷ್ಟಿದ್ದ ಉಷ್ಣತೆ ಬರೀ 8 ಸೆಂಟಿಮೀಟರ್ ಆಳದಲ್ಲಿ ಮೈನಸ್ 10ಕ್ಕೆ ಇಳಿದಿತ್ತು. ಬೆಂಗಳೂರಿನಲ್ಲೇ ತಯಾರಾದ ಕಂಪನಮಾಪಕ ಚಂದ್ರನ ನೆಲದ ಅದುರು ಕೇಳಿಸಿಕೊಂಡಿತು. ರೋವರ್ ನೂರು ಮೀಟರಿನಷ್ಟು ಓಡಾಡಿ 23 ಕಡೆ ಮಣ್ಣು ಪರೀಕ್ಷಿಸಿತು. ಅಲ್ಲಿ ಸಿಕ್ಕಿದ್ದು ಅನಾರ್ಥೊಸೈಟಿನ ಗುಣವೇ ಎಂದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು. ಶಿಲಾಸಾಗರದ ಸಿದ್ಧಾಂತಕ್ಕೆ ದಕ್ಷಿಣದ ನೆಲದಿಂದಲೂ ಸಾಕ್ಷಿ ದೊರೆಯಿತು.

ಸುಬ್ರಮಣ್ಯಂ ಕಲ್ಲು ಪರೀಕ್ಷಿಸಿದ ಕಾಲಕ್ಕೆ ಅದಕ್ಕೊಂದು ಉಪಯೋಗ ಕೇಳಿದ್ದರೆ ಯಾರೂ ಚಂದ್ರನ ಹೆಸರು ಹೇಳುತ್ತಿರಲಿಲ್ಲ. ಮೂಲ ಸಂಶೋಧನೆಗೆ ಹಣ ಕೊಡುವಾಗ ನೀತಿ ರೂಪಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮಾನ್ಯತೆಯಿದೆ. ಸಿತ್ತಂಪೂಂಡಿಯ ಒಂದಿಷ್ಟು ಬಂಡೆಗಾದರೂ ಅಂಥ ರಕ್ಷಣೆ ಸಿಗಲಿ. ಮೇಚೇರಿ, ಧರ್ಮಪುರಿಯ ಶಾಲೆಗಳು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ.