ಹನ್ನೊಂದು ತಿಂಗಳ ಮನೆ

ಗುಜರಾತಿಗೆ ಬಂದ ಹೊಸದರಲ್ಲಿ ನಾನು ಕಲಿತ ಶಬ್ದಗಳಲ್ಲಿ ‘ಭಾಡಾ ಕರಾರ್’ ಕೂಡ ಒಂದು. ಅಂದರೆ ಬಾಡಿಗೆ ಕರಾರು, ಅವಧಿ ಹನ್ನೊಂದೇ ತಿಂಗಳು. ಅಹಮದಾಬಾದಿನಲ್ಲಿ ಎರಡು ಮನೆ, ವಡೋದರದಲ್ಲಿ ಮೂರು. ಪ್ರತಿ ಸಲವೂ ಅದೇ ಹನ್ನೊಂದು. ನಾನು ಧಾರವಾಡದವನಾದರೂ ನಡುವೆ ಎರಡು ವರ್ಷ ಬೆಂಗಳೂರಲ್ಲಿದ್ದೆ. ಭೋಗ್ಯದ ಲೆಕ್ಕ ಅಲ್ಲೇ ಕಲಿತದ್ದು: ದೊಡ್ಡ ಮೊತ್ತ ಒಮ್ಮೆ ಕೊಟ್ಟುಬಿಡೋದು, ತಿಂಗಳ ಬಾಡಿಗೆಯ ತಲೆನೋವಿಲ್ಲ, ಬಿಡುವಾಗ ಅಷ್ಟೂ ವಾಪಸ್. ಇಲ್ಲಿ ಹಾಗೆ ಕೇಳಿದಾಗ ದಲಾಲ ನನ್ನ ಮುಖ ನೋಡಿ ಸುಮ್ಮನಾದ.

ಹನ್ನೊಂದೇ ಯಾಕೆ? ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಣಿ ಮಾಡಿಸಬೇಕು ಅನ್ನುತ್ತದೆ 1908ರ ಕಾಯ್ದೆ, ಆ ಖರ್ಚು ಉಳಿಸೋದಕ್ಕೆ ಅನ್ನೋದು ಸುಲಭದ ಉತ್ತರ. ಮಾಲೀಕರಲ್ಲಿ ನಾನು ಕಂಡ ಹೆದರಿಕೆ ಮಾತ್ರ ಇನ್ನೊಂದು ಕಾಯ್ದೆಯದು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯ್ದೆ, 1940ರ ಸೆಪ್ಟೆಂಬರ್ ಒಂದನೇ ತಾರೀಖಿನ ಬಾಡಿಗೆಯನ್ನೇ ಅಳತೆಗೋಲು ಮಾಡಿತು. ಯುದ್ಧಕಾಲದ ತುಟ್ಟಿ, ವಿಭಜನೆಯ ನಿರಾಶ್ರಿತರು. ಬಾಡಿಗೆದಾರನನ್ನು ಕಾಪಾಡುವ ಅಗತ್ಯ ಆಗ ಇದ್ದೇ ಇತ್ತು. ಆದರೆ ಕಾಲ ಸರಿದರೂ ಬಾಡಿಗೆ ಸರಿಯಲಿಲ್ಲ. ಅಜ್ಜ ಕೊಟ್ಟ ಬಾಡಿಗೆಗೇ ಮೊಮ್ಮಕ್ಕಳು ಕೂತರು, ಮಾಲೀಕ ಸೂರು ರಿಪೇರಿ ಮಾಡಿಸೋದು ಬಿಟ್ಟ. ಕೊಟ್ಟ ಮನೆ ತಿರುಗಿ ಬರೋದಿಲ್ಲ ಅನ್ನೋ ಭಯ ತಂದೆಯಿಂದ ಮಗನಿಗೆ ದಾಟಿತು. ಬೀಗ ಜಡಿದು ಇಟ್ಟೇವು, ಬಾಡಿಗೆಗೆ ಕೊಡೆವು ಅನ್ನುವವರನ್ನು ನಾನೇ ನೋಡಿದ್ದೇನೆ.

ನಮಗೇನೂ ಇದು ಪರಕೀಯರ ಕಾಯ್ದೆ ಅಲ್ಲ ಅನ್ನಿ. 1956ರ ತನಕ ಧಾರವಾಡ, ಕಾರವಾರ, ಅಹಮದಾಬಾದ್, ಸೂರತ್ ಎಲ್ಲ ಒಂದೇ ಮುಂಬಯಿ ರಾಜ್ಯ. ಗಾಯಕವಾಡರ ವಡೋದರ ಮಾತ್ರ 1949ರಲ್ಲಿ ಸೇರಿಕೊಂಡದ್ದು.

ಬಾಡಿಗೆ ಸಾಕಾಗಿದೆ, ಒಬ್ಬನೇ ಕಟ್ಟಿಸುವ ತಾಕತ್ತೂ ಇಲ್ಲ ಅನ್ನುವವನಿಗೆ ಮೂರನೇ ದಾರಿ ತೋರಿಸಿದ್ದರಲ್ಲಿ ನಮ್ಮ ಕಡೆಯವರ ಪಾಲು ದೊಡ್ಡದು. 1909ರಲ್ಲೇ ಬೆಂಗಳೂರಲ್ಲಿ ಸಹಕಾರಿ ಗೃಹ ನಿರ್ಮಾಣ ಸಂಘ ಹುಟ್ಟಿತ್ತು. 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಸೊಸೈಟಿ ಬಂತು. ಅದರ ಹಿಂದೆ ನಿಂತವರು ಎಸ್.ಎಸ್. ತಲ್ಮಾಕಿ, ಮೂಲತಃ ಕೆನರಾದ್ದಾದ ಚಿತ್ರಾಪುರ ಸಾರಸ್ವತ ಸಮಾಜದವರು. ಕಟ್ಟಡ ಸಂಘದ್ದು, ಸಂಘ ಸದಸ್ಯರದ್ದು. ಒಳಗಿರುವವನು ತನಗೆ ತಾನೇ ಬಾಡಿಗೆದಾರ, ತಾನೇ ಮಾಲೀಕ. 1925ರಲ್ಲಿ ಮುಂಬಯಿಯ ಹೊಸ ಸಹಕಾರಿ ಕಾಯ್ದೆ ಬಂದಮೇಲೆ ಸಾಬರಮತಿಯ ಪಶ್ಚಿಮ ದಂಡೆಯಲ್ಲೂ ಸೊಸೈಟಿಗಳು ಎದ್ದವು.

ಆದರೆ ಹಳೇ ಅಹಮದಾಬಾದಿನ ಪೋಳ ಅಂದರೆ ಒಂದೇ ಬಾಗಿಲಿನ ಓಣಿ, ಹೆಚ್ಚಾಗಿ ಒಂದೇ ಸಮಾಜದ ಮನೆಗಳು. ಪೋಳ ಬಿಟ್ಟು ನದಿ ದಾಟಿದವರು ಆ ಬಾಗಿಲನ್ನೂ ಹೊತ್ತುಕೊಂಡೇ ಹೋದರು. 1926ರಲ್ಲಿ ಶುರುವಾದ ಅಹಮದಾಬಾದಿನ ಪಾರ್ಸಿ ಸೊಸೈಟಿಯೊಂದರಲ್ಲಿ, ಪಾರ್ಸಿಗಳಲ್ಲದವರಿಗೆ ಮಾರಬಹುದೇ ಅನ್ನೋ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. 2005ರಲ್ಲಿ ಕೋರ್ಟು ಸೊಸೈಟಿಯ ನಿಯಮವನ್ನೇ ಎತ್ತಿಹಿಡಿಯಿತು: ಸಂಘ ಕಟ್ಟಿಕೊಳ್ಳುವುದು ಸದಸ್ಯರ ಸ್ವಾತಂತ್ರ್ಯ. ಅಷ್ಟು ಸಣ್ಣ ಸಮಾಜದ ಆತಂಕ ಅರ್ಥವಾಗುತ್ತದೆ, ತೀರ್ಪು ಮಾತ್ರ ನನಗೆ ಗಂಟಲಲ್ಲಿ ಇಳಿದಿಲ್ಲ. ಹಾಗೆ ನೋಡಿದರೆ ಗಾಮದೇವಿಯದೂ ಒಂದೇ ಸಮಾಜದ ಸೊಸೈಟಿಯೇ ಆಗಿತ್ತು. ಇದರ ಮೇಲೆ 1991ರ ಅಶಾಂತ ಪ್ರದೇಶಗಳ ಕಾಯ್ದೆ ಬೇರೆ. ಅದು ಜಾರಿಯಿರುವ ಬಡಾವಣೆಗಳು ಈ ಮೂರೂ ನಗರಗಳಲ್ಲಿವೆ; ಅಲ್ಲಿ ಮನೆ ಕೈ ಬದಲಾಗಬೇಕಾದರೆ ಕಲೆಕ್ಟರ್ ಒಪ್ಪಿಗೆ ಬೇಕು.

ಹೀಗಾಗಿ ಪರಊರವನಿಗೆ ಸುಲಭಕ್ಕೆ ಸಿಗುತ್ತಿದ್ದದ್ದು ಬಿಲ್ಡರ್ ಕಟ್ಟಿದ ಫ್ಲ್ಯಾಟು. 2001ರ ಜನವರಿ 26ರ ಭೂಕಂಪ ಅದಕ್ಕೂ ಕಲ್ಲು ಹಾಕಿತು. ಭುಜ್‌ನಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಬಿದ್ದವುಗಳಲ್ಲಿ ಬಹಳಷ್ಟು, ಕೆಳಗೆ ಪಾರ್ಕಿಂಗಿಗೆ ಬರೀ ಕಂಬ ಬಿಟ್ಟು ಮೇಲೆ ಮಹಡಿ ಏರಿಸಿದ ಕಟ್ಟಡಗಳು. ನೆಲದ ಮನೆಯೇ ವಾಸಿ ಅಂದುಕೊಳ್ಳುವಷ್ಟರಲ್ಲಿ 2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ತಾಪಿಯಲ್ಲಿ ಉಕ್ಕಿ ಸೂರತ್ತಿನ ಬಹುಭಾಗ ಮುಳುಗಿತು.

ನಮ್ಮ ಮನೆಯಲ್ಲಿ ಚರ್ಚೆ ನಡೆದದ್ದು ಇದರ ಮರುವರ್ಷ. “ಊರಾಗ ಅಪ್ಪಾರು ಕಟ್ಟಿಸಿದ ಮನಿ ಅದ. ಇಲ್ಲೆ ಇನ್ನೊಂದ್ಯಾಕ್ರೀ? ರಿಟೈರ್ ಆದಮ್ಯಾಲೆ ಯಾರ ಜೋಡಿ ಮಾತಾಡೋದು?” ಅಂದಳು ನನ್ನಾಕೆ. ಬ್ಯಾಂಕಿನ ಕಂತು ಬಾಡಿಗೆಯ ಎರಡರಷ್ಟು ಬರುತ್ತಿತ್ತು, ಲೆಕ್ಕ ಅವಳ ಪರವಾಗೇ ಇತ್ತು. ಆದರೆ ಮಗಳು ಮೂರು ಶಾಲೆ ಬದಲಿಸಿಯಾಗಿತ್ತು, ಅವಳ ಗೆಳತಿಯರೆಲ್ಲ ಇಲ್ಲಿಯವರು. ಕೊನೆಗೆ ವಡೋದರದಲ್ಲಿ ಒಂದು ‘ಟೆನಮೆಂಟ್’ ತಗೊಂಡೆವು. ಹೆಸರು ಕೇಳಿ ಚಾಳು ಅಂದುಕೊಳ್ಳಬೇಡಿ, ಇಲ್ಲಿ ಹಾಗಂದರೆ ಅಂಗಳ, ಉಯ್ಯಾಲೆ ಇರುವ ಪುಟ್ಟ ಸ್ವಂತ ಮನೆ. ಒಂದು ಪೂರ್ತಿ ಮಳೆಗಾಲ ವಿಶ್ವಾಮಿತ್ರಿಯ ನೀರು ಎಲ್ಲಿಯ ತನಕ ಬರುತ್ತದೆ ಅಂತ ನೋಡಿಯೇ ಮುಂಗಡ ಕೊಟ್ಟದ್ದು. 2019ರಲ್ಲೂ 2024ರಲ್ಲೂ ನದಿ ಊರೊಳಗೆ ಬಂತು, ನಮ್ಮ ಮೆಟ್ಟಿಲ ತನಕ ಬರಲಿಲ್ಲ.

ಅಂದು ಸೊಸೈಟಿ ಕಮಿಟಿ ನನ್ನನ್ನು ಕೂರಿಸಿ ಅಡ್ಡಹೆಸರು, ಊಟ, ಊರು ಎಲ್ಲ ಕೇಳಿತ್ತು. ಈಗ ಆ ಕಮಿಟಿಯಲ್ಲಿ ನಾನೂ ಇದ್ದೇನೆ. ಹೋದ ತಿಂಗಳು ಒಡಿಶಾ ಕಡೆಯ ಕುಟುಂಬವೊಂದರ ಅರ್ಜಿ ಬಂತು. ಮೀನು ತಿನ್ನುವವರು ಅಂತ ಯಾರೋ ಮೊದಲೇ ಸುದ್ದಿ ಹಬ್ಬಿಸಿದ್ದರು. ನಾನು ಸಹಿ ಹಾಕಿದ್ದೇನೆ. ಇನ್ನಿಬ್ಬರದು ಬಾಕಿ ಇದೆ.