ನಿತ್ಯದ ನಿರ್ಧಾರಕ್ಕೆ ಅಪರಿಚಿತರ ಸಲಹೆ: ಅಂತರ್ಜಾಲದ ಹೊಸ ಪಂಚಾಯಿತಿ

ಉಡುಪಿ: ಯಾವ ಬೈಕು ಕೊಳ್ಳಬೇಕು, ಬಂದ ಸಂಬಂಧಕ್ಕೆ ಒಪ್ಪಬೇಕೇ, ಕೆಲಸಕ್ಕಾಗಿ ಬೆಂಗಳೂರಿಗೆ ತೆರಳಬೇಕೇ ಅಥವಾ ಕಾರ್ಕಳದಲ್ಲೇ ಉಳಿಯಬೇಕೇ? ಇಂಥ ಪ್ರಶ್ನೆಗಳನ್ನು ಹೆಸರು, ಮುಖ ತಿಳಿಯದ ಜನರ ಮುಂದೆ ಅಂತರ್ಜಾಲದಲ್ಲಿಟ್ಟು, ಬಹುಮತದಂತೆ ನಡೆಯುವ ರೂಢಿಗೆ ‘ಕ್ರೌಡ್‌ಸೋರ್ಸಿಂಗ್’ ಎಂಬ ಹೆಸರು ಅಂಟಿಕೊಂಡಿದೆ. 2006ರ ಜೂನ್‌ನಲ್ಲಿ ‘ವೈರ್ಡ್’ ಪತ್ರಿಕೆಯ ಲೇಖನದ ಮೂಲಕ ಜೆಫ್ ಹೋವ್ ಈ ಪದವನ್ನು ಬಳಕೆಗೆ ತಂದರು. ಕಂಪೆನಿಗಳ ಕೆಲಸವನ್ನು ಜನಸಮೂಹಕ್ಕೆ ಒಪ್ಪಿಸುವುದು ಎಂಬುದು ಅದರ ಮೂಲ ಅರ್ಥ.

ಕೇಳಿ ನಡೆಯುವ ಪದ್ಧತಿ ಕರಾವಳಿಗೆ ಹೊಸತಲ್ಲ. ದೇವಸ್ಥಾನದಲ್ಲಿ ಪ್ರಸಾದ ಕೇಳುವುದು, ಜೋಯಿಸರಲ್ಲಿ ಪ್ರಶ್ನೆ ಇಡಿಸುವುದು, ದೈವದ ನುಡಿಗೆ ಕಾಯುವುದು ಉಡುಪಿ, ಕಾಪು ಸೀಮೆಯಲ್ಲಿ ಇಂದಿಗೂ ಇದೆ. ಮಣಿಪಾಲದ ‘ತರಂಗ’ ವಾರಪತ್ರಿಕೆಯ ‘ಬಾಲವನದಲ್ಲಿ ಭಾರ್ಗವ’ ಅಂಕಣದಲ್ಲಿ ಶಿವರಾಮ ಕಾರಂತರು ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಅಲ್ಲೆಲ್ಲ ಉತ್ತರ ಕೊಡುವವರು ಯಾರೆಂಬುದು ಕೇಳುವವರಿಗೆ ಗೊತ್ತಿತ್ತು. ಒಪ್ಪಿಗೆಯಾಗದಿದ್ದರೆ ಎದುರು ನಿಂತು ಕೇಳಬಹುದಿತ್ತು. ತುಳುನಾಡಿನಲ್ಲಿ ದೈವದೊಡನೆ ವಾದಿಸುವುದೂ ಉಂಟು.

ಅಂತರ್ಜಾಲದಲ್ಲಿ ಆ ಅನುಕೂಲವಿಲ್ಲ. 2004ರಲ್ಲಿ ಆರಂಭವಾದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. 2005ರ ‘ಯಾಹೂ ಆನ್ಸರ್ಸ್’ 2021ರ ಮೇ 4ರಂದು ನಿಂತಿತು. ಈಗ ಪ್ರಶ್ನೆಗಳು ರೆಡಿಟ್, ಕೋರಾ, ಟೆಲಿಗ್ರಾಂ ಗುಂಪುಗಳಿಗೆ ಹೋಗುತ್ತಿವೆ.

ಗುಂಪಿನ ಬುದ್ಧಿ ನಿಜವೇ?

ಗುಂಪಿನ ಬುದ್ಧಿಯನ್ನು ನಂಬುವವರು ಕೊಡುವ ಸಾಕ್ಷ್ಯ ಹಳೆಯದು. ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಜಾತ್ರೆಯಲ್ಲಿ ಎತ್ತೊಂದರ ಮಾಂಸದ ತೂಕವನ್ನು ಊಹಿಸುವ ಸ್ಪರ್ಧೆ ನಡೆದಿತ್ತು. ಅದರ 787 ಚೀಟಿಗಳನ್ನು ಫ್ರಾನ್ಸಿಸ್ ಗಾಲ್ಟನ್ ಪರಿಶೀಲಿಸಿ, 1907ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ನಡುವಣ ಊಹೆ 1207 ಪೌಂಡು, ಅವರು ಕೊಟ್ಟ ನಿಜ ತೂಕ 1198 ಪೌಂಡು. ಆದರೆ ಅಲ್ಲಿ ಪ್ರತಿಯೊಬ್ಬನೂ ದುಡ್ಡು ಕೊಟ್ಟು, ಕಣ್ಣಾರೆ ಎತ್ತನ್ನು ಕಂಡು, ಪಕ್ಕದವನ ಚೀಟಿ ನೋಡದೆ ಬರೆದಿದ್ದ.

ಜಾಲತಾಣದಲ್ಲಿ ಎಲ್ಲರ ಚೀಟಿಯೂ ಬಿಚ್ಚಿಟ್ಟಿರುತ್ತದೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮುಚ್ನಿಕ್, ಅರಾಲ್ ಮತ್ತು ಟೇಲರ್ ಪ್ರಕಟಿಸಿದ ಪ್ರಯೋಗದಲ್ಲಿ, ಅಭಿಪ್ರಾಯವೊಂದಕ್ಕೆ ಆರಂಭದಲ್ಲೇ ಒಂದು ಕೃತಕ ಮೆಚ್ಚುಗೆ ಸೇರಿಸಿದಾಗ ಅದರ ಅಂತಿಮ ಅಂಕ ಸರಾಸರಿ ಶೇ. 25ರಷ್ಟು ಏರಿತು. ನೂರು ಮಂದಿ ಒಪ್ಪಿದ್ದಾರೆಂದರೆ ನೂರು ಮಂದಿ ಯೋಚಿಸಿದ್ದಾರೆ ಎಂದು ಹೇಳಲಾಗದು.

ಸೀಟಿನ ಪ್ರಶ್ನೆ

ಬೈಕಿನ ಬಣ್ಣ ತಪ್ಪಿದರೆ ನಷ್ಟ ಸಣ್ಣದು. ಸಿಇಟಿ ಬಳಿಕ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಆಪ್ಷನ್ ಎಂಟ್ರಿ ಹಾಗಲ್ಲ. ಕಾಲೇಜು ಮತ್ತು ವಿಭಾಗಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಬೇಕು. ಸೀಟು ಹಂಚಿಕೆಯಾದ ಮೇಲೆ ಒಪ್ಪಿ ಸೇರುವುದು, ಇಟ್ಟುಕೊಂಡೇ ಮೇಲಿನ ಆದ್ಯತೆಗೆ ಕಾಯುವುದು, ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು ಎಂಬ ನಾಲ್ಕು ಆಯ್ಕೆಗಳು ಇತ್ತೀಚಿನ ವರ್ಷಗಳಲ್ಲಿವೆ. ‘ಮೂರನೆಯದನ್ನೇ ಹಾಕು, ಇನ್ನೂ ಒಳ್ಳೆಯದು ಸಿಗುತ್ತದೆ’ ಎಂದು ಬರೆಯುವ ಅಪರಿಚಿತನಿಗೆ ಕಳೆದುಕೊಳ್ಳುವುದು ಏನೂ ಇಲ್ಲ. ಬಿಟ್ಟ ಸೀಟು ಮರಳಿ ದೊರೆಯುವ ಖಾತರಿಯೂ ಇಲ್ಲ.

ಕಾರ್ಕಳ ತಾಲೂಕಿನ ಹಳ್ಳಿಯ ಶಾಲೆಯಲ್ಲಿ 1ರಿಂದ 10ನೇ ತರಗತಿವರೆಗೆ ಓದಿದವರಿಗೆ ನಿಯಮಾನುಸಾರ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಇದೆ. ಹೊರರಾಜ್ಯದ ಸಲಹೆಗಾರನ ಲೆಕ್ಕದಲ್ಲಿ ಇವು ಇರುವುದೇ ಇಲ್ಲ. ಮಣಿಪಾಲದ ಎಂಐಟಿಗೆ ಪ್ರತ್ಯೇಕ ಪ್ರವೇಶ ಪರೀಕ್ಷೆ. ಅಲ್ಲಿಯ ಅನುಭವ ಸಿಇಟಿಗೆ ಹೊಂದದು. ಹೋದ ವರ್ಷದ ಕಟ್‌ಆಫ್ ರ್‍ಯಾಂಕುಗಳು ಪ್ರಾಧಿಕಾರದ ಜಾಲತಾಣದಲ್ಲೇ ಉಚಿತವಾಗಿ ಸಿಗುವಾಗ, ಅದನ್ನೇ ತಪ್ಪಾಗಿ ನೆನಪಿಸಿಕೊಳ್ಳುವವರನ್ನು ಕೇಳುವುದು ವಿಚಿತ್ರವೇ ಸರಿ.

ಹೆಸರಿಲ್ಲದ ಕಡೆ ಕೇಳಲು ಕಾರಣವೂ ಇದೆ. ಮನೆಯ ಜಗಳ, ಸಾಲ, ಪರೀಕ್ಷೆಯ ಸೋಲು, ಮನಸ್ಸಿನ ಬೇಗುದಿಯನ್ನು ಪರಿಚಿತರಲ್ಲಿ ಹೇಳಿದರೆ ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗುವ ಊರುಗಳು ಇವು. ಮನಸ್ಸಿಗೆ ಸಂಬಂಧಿಸಿದ ಕಷ್ಟವಿದ್ದವರು, 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ ಕರೆ ಮಾಡಬಹುದು. ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.