ಸುಳಿ, ಹೊಂಚು, ನುಸುಳು: ಕಳ್ಳ ನಡೆಯ ಕ್ರಿಯಾಪದಗಳು

ಬೇಟೆ ಅರಸುತ್ತ ಸದ್ದಿಲ್ಲದೆ ಅಲೆಯುವುದಕ್ಕೆ ಇಂಗ್ಲಿಷಿನಲ್ಲಿ ‘ಪ್ರೌಲ್’ ಎಂಬ ಕ್ರಿಯಾಪದವಿದೆ. ಚಿರತೆಗೂ ಅದೇ, ಕಳ್ಳನಿಗೂ ಅದೇ. ಅಲೆದಾಟ, ಗುಟ್ಟು, ಉದ್ದೇಶ ಮೂರೂ ಅದರಲ್ಲಿ ಸೇರಿವೆ. ಕನ್ನಡ ಇವನ್ನು ಬೇರೆ ಬೇರೆ ಕ್ರಿಯಾಪದಗಳಿಗೆ ಹಂಚಿದೆ. ಆ ಹಂಚಿಕೆ ವಾಕ್ಯರಚನೆಯಲ್ಲೇ ಎದ್ದು ಕಾಣುತ್ತದೆ ಎಂಬುದು ಈ ಲೇಖನದ ವಾದ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯ ಚಿರತೆ ಮತ್ತು ಕರಡಿಗಳ ನಡೆಯನ್ನು ಆಧರಿಸಿ ರಚಿಸಿದ ವಾಕ್ಯಗಳು ಇಲ್ಲಿನ ನಿದರ್ಶನಗಳು.

‘ಚಿರತೆ ಹಟ್ಟಿಯ ಸುತ್ತ ಸುಳಿದಾಡಿತು’, ‘ಚಿರತೆ ಮೇಕೆಗೆ ಹೊಂಚು ಹಾಕಿತು’, ‘ಚಿರತೆ ಬೇಲಿಯ ಸಂದಿಯಿಂದ ಒಳಗೆ ನುಸುಳಿತು’. ‘ಸುಳಿ’ ಬಯಸುವುದು ಸುತ್ತ, ಬಳಿ, ಹತ್ತಿರ ಎಂಬಂಥ ಆವರಣವನ್ನು. ‘ಹೊಂಚು ಹಾಕು’ ಜೊತೆಗೆ ಬರುವ ಚತುರ್ಥಿ ಸೂಚಿಸುವುದು ತಲುಪುವ ಜಾಗವನ್ನಲ್ಲ, ಬೇಟೆಯನ್ನು. ‘ಹೊಂಚು ಹಾಕಿ ಕೂತಿದೆ’ ಎನ್ನುವುದು ಸಹಜ. ಅಲ್ಲಿ ಚಲನೆಯೇ ಬೇಕಿಲ್ಲ. ‘ನುಸುಳು’ವಿಗೆ ಇಕ್ಕಟ್ಟಾದ ದಾರಿಯೋ ದಾಟಬೇಕಾದ ಗಡಿಯೋ ಬೇಕು, ಪತ್ರಿಕೆಗಳ ‘ನುಸುಳುಕೋರ’ ಹುಟ್ಟಿದ್ದು ಈ ಅರ್ಥದಿಂದ.

ಚಲನೆಯ ರೀತಿಯನ್ನು ಇಂಗ್ಲಿಷ್ ಕ್ರಿಯಾಪದದಲ್ಲೇ ಅಡಗಿಸುತ್ತದೆಂದು ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ 1985ರಲ್ಲಿ ವಿವರಿಸಿದರು. ಕನ್ನಡದಲ್ಲಿ ರೀತಿಯನ್ನು ಹೇಳುವ ಹೊಣೆ ಬಹಳ ಮಟ್ಟಿಗೆ ಕ್ರಿಯಾವಿಶೇಷಣದ್ದು: ಈ ಸೀಮೆಯ ಮಾತಿನಲ್ಲಿ ‘ಸಪ್ಪಳ ಮಾಡ್ದಂಗ ಬಂತು’. ಕ್ರಿಯಾಪದ ಬರೀ ‘ಬಂತು’; ಕಳ್ಳತನವೆಲ್ಲ ‘ಸಪ್ಪಳ ಮಾಡ್ದಂಗ’ದಲ್ಲಿದೆ. ‘ನುಸುಳು’ ಇದಕ್ಕೆ ಅಪವಾದ. ದಾರಿ, ರೀತಿ ಎರಡೂ ಅದರೊಳಗಿವೆ.

‘ಸುಳಿ’ ಮತ್ತು ‘ಹೊಂಚು ಹಾಕು’ ನಡುವಿನ ಭೇದ ಇದೇ ಸೀಮೆಯ ದರೋಜಿಯಲ್ಲಿ ಸ್ಪಷ್ಟವಾಗುತ್ತದೆ. 1994ರಲ್ಲಿ ಘೋಷಿತವಾದ ಅಲ್ಲಿನ ಕರಡಿಧಾಮದಲ್ಲಿ ಕರಡಿಗಳು ಇಳಿಹೊತ್ತಿಗೆ ಬಂಡೆಗುಡ್ಡಗಳಿಂದ ಇಳಿಯುತ್ತವೆ. ಹುತ್ತ ಬಗೆದು, ಮಣ್ಣು ಊದಿ, ಮೇಲಿನ ಬಾಚಿಹಲ್ಲುಗಳ ಜೋಡಿಯಿಲ್ಲದ ಸಂದಿಯಿಂದ ಗೆದ್ದಲನ್ನು ಹೀರುತ್ತವೆ. ಆ ಸದ್ದು ದೂರಕ್ಕೂ ಕೇಳುತ್ತದೆ. ಚಿರತೆ ಉಗುರನ್ನು ಒಳಗೆಳೆದುಕೊಂಡು ಮೆತ್ತನೆಯ ಪಾದದಲ್ಲಿ ನಡೆಯುತ್ತದೆ. ಹಾಗಾಗಿ ‘ಕರಡಿ ತೋಟದ ಬಳಿ ಸುಳಿಯಿತು’ ಒಪ್ಪುತ್ತದೆ, ‘ಕರಡಿ ಗೆದ್ದಲಿಗೆ ಹೊಂಚು ಹಾಕಿತು’ ಒಪ್ಪುವುದಿಲ್ಲ.

ಆದ್ದರಿಂದ ನಿಘಂಟಿನಲ್ಲಿ ‘ಪ್ರೌಲ್’ಗೆ ‘ಹೊಂಚು ಹಾಕು’ ಎಂದಷ್ಟೇ ಕೊಟ್ಟರೆ ಅಲೆದಾಟ ಬಿಟ್ಟುಹೋಗುತ್ತದೆ, ‘ಅಲೆ’ ಎಂದರೆ ಉದ್ದೇಶ ಜಾರಿಹೋಗುತ್ತದೆ. ‘ಹೊಂಚು ಹಾಕುತ್ತ ಸುಳಿದಾಡು’ ಎಂಬ ಜೋಡಿರೂಪವೇ ಹೆಚ್ಚು ನಿಖರ. ಜೊತೆಗೆ ಪ್ರತಿ ಕ್ರಿಯಾಪದ ಬಯಸುವ ವಿಭಕ್ತಿ, ಅವ್ಯಯಗಳನ್ನೂ ನಮೂದಿಸಿದರೆ ಅನುವಾದಕರಿಗೆ ಆಯ್ಕೆ ಸುಲಭವಾಗುತ್ತದೆ.